ಪ್ರಾಥಮಿಕ ಶಾಲೆಗಳಲ್ಲಿ ಸಹವಾಚನ ಮತ್ತು ಸ್ವಯಂವಾಚನ



ಪ್ರಾಥಮಿಕ ಶಾಲೆಯ ಬಳಿಯಲ್ಲಿ ಹಾದುಹೋಗುವವರ ಕಿವಿಗೆ ಮೊದಲು ಬೀಳುವುದು ಮಕ್ಕಳ ಒಕ್ಕೊರಲಿನ ಓದು. ಉಪಾಧ್ಯಾಯರು ಒಂದು ವಾಕ್ಯವನ್ನು ಹೇಳುವರು. ನಾಲ್ವತ್ತು ಕಂಠಗಳು ಅದನ್ನೇ ಮರುನುಡಿಯುವುವು. ಕೇಳುವುದಕ್ಕೆ ಇದು ಹಿತವಾಗಿಯೇ ಇರುವುದು. ಆದರೆ ಅವರಲ್ಲಿ ಪುಸ್ತಕದ ಅಕ್ಷರಗಳನ್ನು ಕಂಡು ಓದುವವರೆಷ್ಟು, ನೆರೆಯವನ ದನಿಯನ್ನು ಹಿಡಿದು ನುಡಿಯುವವರೆಷ್ಟು ಎಂಬುದು ಆ ಮೇಳದಿಂದ ತಿಳಿಯುವಂತಿಲ್ಲ. ಓದಲು ಬಾರದ ಮಗುವಿಗೆ ಒಕ್ಕೊರಲಿನಷ್ಟು ಒಳ್ಳೆಯ ಮರೆ ಬೇರೊಂದಿಲ್ಲ. ಆ ಮರೆಯಲ್ಲಿಯೇ ಅದು ಒಂದನೆಯ ತರಗತಿಯಿಂದ ನಾಲ್ಕನೆಯದಕ್ಕೆ ಏರಿಹೋಗಬಹುದು. ಒಂದು ದಿನ ಒಬ್ಬಂಟಿಯಾಗಿ ಎದ್ದು ನಿಂತು ಓದಬೇಕಾದಾಗ ಬಾಯಿ ಕಟ್ಟುವುದು, ದಡ್ಡನೆಂಬ ಹೆಸರು ಬರುವುದು. ತಪ್ಪು ಮಗುವಿನದಲ್ಲ, ಅದರ ಓದನ್ನು ಬೇರೆಯಾಗಿ ಕೇಳುವ ಏರ್ಪಾಟೇ ಇರಲಿಲ್ಲ.

ಅಂತಹ ಏರ್ಪಾಟು ಈ ನಾಡಿಗೆ ಹೊಸದಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲರು ತಮ್ಮ ಜಿಲ್ಲೆಯ ವಿದ್ಯಾಭ್ಯಾಸದ ವಿಷಯವಾಗಿ ಮದರಾಸಿನ ರೆವಿನ್ಯೂ ಬೋರ್ಡಿಗೆ ವರದಿಯೊಂದನ್ನು ಬರೆದರು. ಆಗ ಅಲ್ಲಿ 533 ಶಾಲೆಗಳಿದ್ದುವು. ಅವುಗಳಲ್ಲಿ 235 ಕನ್ನಡದವು. ಎಲ್ಲವೂ ಕೂಡಿ 6,641 ಮಂದಿ ವಿದ್ಯಾರ್ಥಿಗಳು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ, ಅದರಿಂದಲೇ ತಮ್ಮ ವಿದ್ಯೆಯನ್ನು ಗಟ್ಟಿಮಾಡಿಕೊಳ್ಳುವ ಕ್ರಮವನ್ನು ಅವರು ಹೊಗಳಿ, ಇಂಗ್ಲೆಂಡು ಅದನ್ನು ಅನುಕರಿಸಿದುದು ಯುಕ್ತವೆಂದಿದ್ದಾರೆ. ಮದರಾಸಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಅಲ್ಲಿಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ತಮ್ಮ ಶಾಲೆಯಲ್ಲಿ ನಡೆಯಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದರು. ಜಗಲಿಶಾಲೆಯ ವಾಡಿಕೆ ಹಡಗು ಹತ್ತಿ ಹೋಗಿ ಅಲ್ಲಿ ‘ಮದರಾಸು ಪದ್ಧತಿ’ ಎನಿಸಿತು.

ಆದರೆ ಅದೇ ವರದಿಯ ಇನ್ನೊಂದು ಮಾತನ್ನು ಮರೆಯುವುದು ನ್ಯಾಯವಲ್ಲ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಗ್ರಂಥಗಳು ಪದ್ಯರೂಪವಾದವು. ಅವುಗಳ ಭಾಷೆ ಆಡುಮಾತಿಗೆ ದೂರವಾದದ್ದು. ಒಪ್ಪಿಸುವವನಿಗೂ ಅರ್ಥವಾಗುತ್ತಿರಲಿಲ್ಲ, ಒಪ್ಪಿಸಿಕೊಳ್ಳುವವನಿಗೂ ಅನೇಕ ವೇಳೆ ಆಗುತ್ತಿರಲಿಲ್ಲ. ಇಬ್ಬರನ್ನು ಒಂದು ಕಡೆ ಕುಳ್ಳಿರಿಸಿದ ಮಾತ್ರಕ್ಕೆ ಓದು ಹುಟ್ಟಲಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕನ್ನಡದ ಲಿಪಿಯ ವಿಷಯವನ್ನೂ ಇಲ್ಲಿ ಗಮನಿಸತಕ್ಕದ್ದು. ಮೂಲಾಕ್ಷರಗಳು ಐವತ್ತರ ಸುಮಾರಿಗೆ ಇದ್ದರೂ ಕಾಗುಣಿತ ಒತ್ತಕ್ಷರಗಳು ಕೂಡಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಸೋನಾಲಿ ನಾಗ್ ಎಂಬ ವಿದುಷಿಯರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಕನ್ನಡದ ಮಕ್ಕಳಲ್ಲಿ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯಲ್ಲಿಯೂ ಮುಂದುವರಿದಿರುತ್ತದೆಂದು ತಿಳಿದುಬಂದಿದೆ. ಎರಡನೆಯ ತರಗತಿಗೇ ಓದು ಮುಗಿಯಿತೆಂದು ಎಣಿಸಿ ಮುಂದೆ ಬರಿಯ ಪ್ರಶ್ನೋತ್ತರಕ್ಕೆ ತೊಡಗುವ ಶಾಲೆಗಳು ಇದನ್ನು ಯೋಚಿಸಬೇಕು.

ಸಹವಾಚನವನ್ನು ನಡೆಯಿಸುವ ಬಗೆ ಹೀಗೆ. ಓದಿನ ಬಲವನ್ನು ನೋಡಿ ಇಪ್ಪತ್ತನಾಲ್ಕು ಮಕ್ಕಳ ಪಟ್ಟಿಯೊಂದನ್ನು ಬರೆದರೆ, ಮೊದಲನೆಯವನಿಗೆ ಕಡೆಯವನನ್ನು ಜೊತೆಮಾಡುವುದು ಸಲ್ಲದು. ಅಂತರ ಹೆಚ್ಚಾಗಿ ಒಬ್ಬನಿಗೆ ಬೇಸರ, ಮತ್ತೊಬ್ಬನಿಗೆ ನಾಚಿಕೆ. ಮೊದಲನೆಯವನಿಗೆ ಹದಿಮೂರನೆಯವನು, ಎರಡನೆಯವನಿಗೆ ಹದಿನಾಲ್ಕನೆಯವನು, ಹೀಗೆ ಜೊತೆಯಾಗಬೇಕು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1997ರಲ್ಲಿ ಫಲಿತಾಂಶ ಪ್ರಕಟವಾದ ಕ್ರಮವಿದು. ಅದರಂತೆ ಬಲವುಳ್ಳವನು ಐದು ನಿಮಿಷ ಮೊದಲು ಓದುವನು. ಅದೇ ಭಾಗವನ್ನು ಇನ್ನೊಬ್ಬನು ಐದು ನಿಮಿಷ ಓದುವನು. ಬಳಿಕ ಓದಿದ್ದೇನೆಂಬುದನ್ನು ಎರಡು ನಿಮಿಷ ತನ್ನ ಮಾತಿನಲ್ಲಿ ಹೇಳುವನು. ಈ ಎರಡು ನಿಮಿಷವೇ ಬಳ್ಳಾರಿಯ ಹಳೆಯ ಶಾಲೆಗಳಲ್ಲಿ ಇಲ್ಲದಿದ್ದುದು. ಓದುವವನು ತಡೆದರೆ ಕೇಳುವವನು ಒಡನೆಯೇ ಬಾಯಿ ಹಾಕದೆ ಮನಸ್ಸಿನಲ್ಲಿ ನಾಲ್ಕೆಣಿಸಬೇಕು. ಆಮೇಲೆ ಶಬ್ದವನ್ನು ಹೇಳಿಕೊಡಬೇಕು. ಓದುವವನು ಆ ವಾಕ್ಯವನ್ನು ಮೊದಲಿನಿಂದ ಓದಬೇಕು. ನಾಲ್ಕೆಣಿಸುವ ತಾಳ್ಮೆ ಮಕ್ಕಳಿಗೆ ತಾನಾಗಿ ಬಾರದು. (ದೊಡ್ಡವರಿಗೂ ಬಾರದೆಂಬುದು ಬೇರೆ ಮಾತು.) ಉಪಾಧ್ಯಾಯರು ಒಂದು ಮಗುವಿನೊಡನೆ ಎಲ್ಲರೆದುರಿಗೆ ಮಾಡಿತೋರಿಸಿ, ಒಂದೆರಡು ವಾರ ಇದನ್ನೇ ಅಭ್ಯಾಸ ಮಾಡಿಸಬೇಕಾಗುವುದು.

ಜೊತೆಗಳನ್ನು ಮಕ್ಕಳ ಇಷ್ಟಕ್ಕೆ ಬಿಡಬಾರದು. ಬಿಟ್ಟರೆ ಊರಿನ ಕೇರಿ ಓಣಿಗಳ ಎಲ್ಲೆಗಳೇ ತರಗತಿಯೊಳಕ್ಕೂ ಬಂದು ಕುಳಿತುಕೊಳ್ಳುವುವು. ಯಾರೊಡನೆಯೂ ಜೊತೆಗೂಡದೆ ಮೂಲೆಯಲ್ಲಿ ಉಳಿಯುವ ಮಗು ಯಾರದೆಂಬುದನ್ನು ಹೇಳಬೇಕಾಗಿಲ್ಲ. ಪಟ್ಟಿಯಿಂದ ಜೊತೆಮಾಡಿ, ತಿಂಗಳಿಗೊಮ್ಮೆ ಬದಲಿಸುತ್ತ ಬಂದರೆ, ಒಂದು ಪುಸ್ತಕದ ಎರಡು ಅಂಚುಗಳನ್ನು ಎಲ್ಲ ಮನೆಯ ಕೈಗಳೂ ಹಿಡಿದಂತಾಗುವುದು.

ಸ್ವಯಂವಾಚನ ಇದಕ್ಕಿಂತ ಕಷ್ಟವಾದದ್ದು. ಮಕ್ಕಳ ಕೈಗೆ ಪುಸ್ತಕ ಕೊಟ್ಟು ಸುಮ್ಮನೆ ಓದಿಕೊಳ್ಳಿರೆಂದು ಹೇಳಿ ಉಪಾಧ್ಯಾಯರು ಹಾಜರಿಪುಸ್ತಕ ತುಂಬುತ್ತ ಕುಳಿತರೆ ಅದು ಸ್ವಯಂವಾಚನವಾಗದು. ಮಾರ್ಗದರ್ಶನವಿಲ್ಲದ ಮೌನವಾಚನದಿಂದ ಓದಿನ ಓಟ ಹೆಚ್ಚುವುದೆಂಬುದಕ್ಕೆ ಸಾಕಷ್ಟು ಆಧಾರ ಸಿಕ್ಕಿಲ್ಲವೆಂದು ಅಮೆರಿಕದ ರಾಷ್ಟ್ರೀಯ ವಾಚನ ಮಂಡಲಿ 2000ದಲ್ಲಿ ಹೇಳಿತು. ಮೊದಲ ದಿನ ಮೂರು ನಿಮಿಷ ಸಾಕು. ತರಗತಿಯೆಲ್ಲ ಅಷ್ಟು ಹೊತ್ತು ನೆಟ್ಟನೋಟದಿಂದ ಓದಿದ ಮೇಲೆ ನಾಲ್ಕು, ಬಳಿಕ ಐದು. ಎಳೆಯರು ತುಟಿಯಾಡಿಸಿ ಪಿಸುದನಿಯಲ್ಲಿ ಓದಿದರೆ ಗದರಿಸಬಾರದು. ಆ ದನಿ ಕ್ರಮೇಣ ತಾನಾಗಿ ಒಳಗಿಳಿಯುವುದು. ಆ ಹೊತ್ತಿನಲ್ಲಿ ಉಪಾಧ್ಯಾಯರು ದಿನಕ್ಕೆ ಇಬ್ಬರು ಮೂವರ ಬಳಿ ಕುಳಿತು, ಅವರ ಓದನ್ನು ಕೇಳಿ, ಎಲ್ಲಿ ತಡೆದರೆಂಬುದನ್ನು ಗುರುತು ಹಾಕಿಕೊಳ್ಳಬೇಕು. ಹೀಗೆ ಎರಡು ಮೂರು ವಾರಗಳಲ್ಲಿ ಇಡೀ ತರಗತಿಯ ಓದು ಒಂದೊಂದಾಗಿ ಕಿವಿಗೆ ಬೀಳುವುದು.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಇದಕ್ಕೆ ನೆಲೆ ಈಗಾಗಲೇ ಇದೆ. ಆಂಧ್ರದ ಋಷಿವ್ಯಾಲಿಯ ಕ್ರಮವನ್ನು ನೋಡಿಬಂದ ಉಪಾಧ್ಯಾಯರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ತೊಡಗಿದ ‘ನಲಿ-ಕಲಿ’ ಪದ್ಧತಿ 2009-10ರಲ್ಲಿ ನಾಡಿನಾದ್ಯಂತ ಹರಡಿತು. ಉಪಾಧ್ಯಾಯರ ನೆರವಿನಿಂದ ಕಲಿಯುವ ಗುಂಪು, ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪು, ತಾನೇ ಕಲಿಯುವ ಗುಂಪು ಎಂಬ ವಿಂಗಡಣೆ ಅದರಲ್ಲಿಯೇ ಇದೆ. ಸಾಲದಿರುವುದು ಹೆಚ್ಚಾಗಿ ಪುಸ್ತಕ. ಕಾರ್ಡುಗಳನ್ನು ಮಕ್ಕಳು ಬೇಗನೆ ಬಾಯಿಪಾಠ ಮಾಡಿಬಿಡುವರು. ಹೊಸ ಕಥೆ ಕೈಗೆ ಬಂದಾಗಲೇ ನಿಜವಾದ ಓದಿನ ಪರೀಕ್ಷೆ. ಹರಿದಾವೆಂಬ ಭಯದಿಂದ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಶಾಲೆಗಳು ಇನ್ನೂ ಇವೆ. ಗೋಡೆಯುದ್ದಕ್ಕೂ ಮಕ್ಕಳ ಎತ್ತರಕ್ಕೆ ಒಂದು ಹಗ್ಗ ಕಟ್ಟಿ, ಪುಸ್ತಕಗಳನ್ನು ತೆರೆದು ಅದರ ಮೇಲೆ ತೂಗಹಾಕಿದರೆ ಕಪಾಟು ಬೇಕಿಲ್ಲ. ಕೊಂಡುಹೋದ ಪುಸ್ತಕದ ಹೆಸರನ್ನೂ ತನ್ನ ಹೆಸರನ್ನೂ ಮಗುವೇ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಲೆಕ್ಕವೂ ಆಯಿತು, ಬರವಣಿಗೆಯೂ ಆಯಿತು.