ಮನೆಯಲ್ಲಿ ಮೋಟಾರ್‌ಸೈಕಲ್ ಜೋಡಣೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅದರ 250 ಸಿ.ಸಿ. ಯೆಜ್ಡಿ ರೋಡ್‌ಕಿಂಗ್ ಬೆಂಗಳೂರಿನಲ್ಲಿ ಇನ್ನೂ ಓಡುತ್ತಿದೆ. ರಾಜಾಜಿನಗರದ ಮನೆಯಂಗಳದಲ್ಲಿಯೇ ಅದನ್ನು ಬಿಚ್ಚಿ ಜೋಡಿಸಬಯಸುವವರು ಒಂದು ಸಂಗತಿಯನ್ನು ಮರೆಯಬಾರದು.

ಈ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಗಾಳಿ, ಪೆಟ್ರೋಲು, ಎಣ್ಣೆಗಳ ಮಿಶ್ರಣ ಮೊದಲು ಕ್ರ್ಯಾಂಕ್ ಪೆಟ್ಟಿಗೆಯನ್ನು ಹೊಕ್ಕು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಪೆಟ್ಟಿಗೆಯ ಸೀಲು ಸವೆದಿದ್ದರೆ ಹೊರಗಿನ ಗಾಳಿ ನುಸುಳುತ್ತದೆ; ಪೆಟ್ರೋಲಿನೊಡನೆ ಎಣ್ಣೆಯ ಪಾಲೂ ತಗ್ಗುತ್ತದೆ; ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ವೇಗದಲ್ಲಿ ಹೀಗಾದರೆ ಹಿಂದಿನ ಚಕ್ರ ತಟ್ಟನೆ ನಿಂತು ಸವಾರ ಉರುಳುವ ಭಯವಿದೆ.

ಆದುದರಿಂದ ಎಂಜಿನ್ ಪೂರ್ತಿ ಬಿಚ್ಚಿದಾಗಲೆಲ್ಲ ಸೀಲುಗಳನ್ನು ಹೊಸದಾಗಿ ಹಾಕಿರಿ. ಪಿಸ್ಟನ್ ಪಿನ್ನಿನ ಕ್ಲಿಪ್ಪು ತೆಗೆಯುವ ಮೊದಲು ಪೆಟ್ಟಿಗೆಯ ಬಾಯಿಗೆ ಬಟ್ಟೆ ಮುಚ್ಚಿರಿ. ರಿಂಗುಗಳ ತುದಿ ಸ್ವಸ್ಥಾನದಲ್ಲಿ ಕೂತಿದೆಯೇ ನೋಡಿರಿ. ಬಣ್ಣ, ಹೊಳಪುಗಳಿಗೆ ಆಮೇಲೆ ಹಣ ಹಾಕಬಹುದು.