'ನನ್ನ ಊರು' ಎಂಬ ಪ್ರಬಂಧ



'ನನ್ನ ಊರು' ಎಂದು ಪ್ರಬಂಧ ಕೊಟ್ಟರೆ ನಮ್ಮ ಮಕ್ಕಳು ಮೈಸೂರು, ಧಾರವಾಡ ಅಂತ ಅಜ್ಜಿಮನೆಯ ಊರನ್ನೇ ಬರೆಯುತ್ತಾರೆ. ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಅವರು ಬೆಳೆದ ಊರು ರಾಚೆಸ್ಟರ್. ಅದರ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳುತ್ತೇನೆ.

1950ರಲ್ಲಿ ಈ ನಗರದಲ್ಲಿ ಸುಮಾರು 3,32,000 ಜನ ಇದ್ದರು. 2020ರ ಜನಗಣತಿಗೆ 2,11,000ಕ್ಕೆ ಇಳಿದರು. ಎಲ್ಲಿಗೆ ಹೋದರು? ಬಹಳಷ್ಟು ಮಂದಿ ದೂರವೇನೂ ಹೋಗಲಿಲ್ಲ. ನಾವಿರುವ ಪಿಟ್ಸ್‌ಫರ್ಡ್, ಹೆನ್ರಿಯೆಟ್ಟಾ ಕಡೆಗೇ ಬಂದರು. ನಗರದೊಳಗೆ ಇಂದು ನೂರಕ್ಕೆ ಹೆಚ್ಚುಕಡಿಮೆ 40 ಮಂದಿ ಕಪ್ಪು ಜನ, 20 ಮಂದಿ ಲ್ಯಾಟಿನೋಗಳು, ಅದರಲ್ಲೂ ಪೋರ್ಟೊ ರಿಕೊ ಮೂಲದವರೇ ಜಾಸ್ತಿ. ಮಕ್ಕಳ ಬಡತನ ಅತಿ ಹೆಚ್ಚಿರುವ ಅಮೆರಿಕದ ನಗರಗಳಲ್ಲಿ ಇದೂ ಒಂದು. ನಮ್ಮ ಮನೆಗಳಿಂದ ಇಪ್ಪತ್ತು ನಿಮಿಷದ ದಾರಿ, ಅಷ್ಟೇ.

ಮೊದಲು ಜೆನೆಸೀ ನದಿಯ ಜಲಪಾತದ ಬಲದಿಂದ ಹಿಟ್ಟಿನ ಗಿರಣಿಗಳು ಬಂದವು, ಆಮೇಲೆ ಹೂಗಿಡಗಳ ನರ್ಸರಿ, ಆಮೇಲೆ ಕೊಡಾಕ್. 1982ರಲ್ಲಿ ಆ ಒಂದೇ ಕಂಪನಿಯಲ್ಲಿ ಇಲ್ಲಿ 60,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಬೋನಸ್ ಬಂದಾಗ ಕಾರು ಮಾರುವವರಿಗೆ ದೀಪಾವಳಿ. ಆದರೆ ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕಪ್ಪು ಜನರಿಗೆ ಆ ಗೇಟು ಸುಲಭವಾಗಿ ತೆರೆಯಲಿಲ್ಲ. 1964ರ ಜುಲೈನಲ್ಲಿ ಊರು ಹೊತ್ತಿ ಉರಿಯಿತು. ಮರುವರ್ಷ ಅವರು 'ಫೈಟ್' ಎಂಬ ಸಂಘಟನೆ ಕಟ್ಟಿ, ಕೊಡಾಕ್ ಮುಂದೆ ನಿಂತು ಕೆಲಸ ಕೇಳಿದರು. 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದು ಇದೇ ಕಂಪನಿಯ ಇಂಜಿನಿಯರ್. 2012ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಈಗ ಇಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಡುವುದು ವಿಶ್ವವಿದ್ಯಾಲಯ ಮತ್ತು ಅದರ ಆಸ್ಪತ್ರೆಗಳು. ಮಕ್ಕಳ ಮುಂದೆ ಒಂದೇ ಕೋರ್ಸಿನ ಹೆಸರು ಜಪಿಸುವ ನಾವು ಈ ಕಥೆಯನ್ನು ಒಮ್ಮೆ ಪೂರ್ತಿ ಕೇಳಬೇಕು.

ಭಾಷೆ ಕಲಿಸುವ ನಮಗೆ ಇಲ್ಲಿ ಇನ್ನೊಂದು ವಿಶೇಷವಿದೆ. ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ 1968ರಲ್ಲಿ ಆರ್‌ಐಟಿಯಲ್ಲಿ ಶುರುವಾಯಿತು. ಅದರಿಂದ ಈ ಊರಿನಲ್ಲಿ ಕಿವುಡರ ದೊಡ್ಡ ಸಮುದಾಯವೇ ಇದೆ. ಅಂಗಡಿಯ ಸಾಲಿನಲ್ಲಿ ಕೈಗಳು ಮಾತಾಡುವುದನ್ನು ನೀವೆಲ್ಲ ನೋಡಿದ್ದೀರಿ. ನೂರಕ್ಕೆ 90ಕ್ಕೂ ಹೆಚ್ಚು ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಹಾಗಾಗಿ ಸನ್ನೆಭಾಷೆ ಬಹುಪಾಲು ಮಕ್ಕಳಿಗೆ ಶಾಲೆಯಿಂದ, ಗೆಳೆಯರಿಂದ ಬರುತ್ತದೆ. ನಮ್ಮದು ತಿರುಗುಮುರುಗು. ಕನ್ನಡ ಮನೆಯಲ್ಲಿದೆ, ಗೆಳೆಯರ ನಡುವೆ ಇಲ್ಲ. ಬೇಕಾದರೆ ಹಿಂದಿನ ಸಾಲಿನ ಕಡೆ ಈಗಲೇ ಕಿವಿಗೊಡಿ, ಎಲ್ಲ ಇಂಗ್ಲಿಷೇ! ಅವರನ್ನು ಬೈಯುತ್ತಿಲ್ಲ. ತಮ್ಮತಮ್ಮಲ್ಲಿ ಕನ್ನಡ ಆಡಲು ನಾವು ಅವರಿಗೆ ಕೆಲಸವನ್ನೇ ಕೊಟ್ಟಿಲ್ಲ.

ಅದಕ್ಕೇ ಶಿಕ್ಷಕರಲ್ಲಿ ಒಂದು ವಿನಂತಿ. ಬರುವ ವರ್ಷದ 'ನನ್ನ ಊರು' ರಾಚೆಸ್ಟರ್ ಆಗಲಿ. ಮಕ್ಕಳು ಮೂರು ಮೂರು ಜನ ಸೇರಿ ಪಬ್ಲಿಕ್ ಮಾರ್ಕೆಟ್ ನೋಡಲಿ, ಮೌಂಟ್ ಹೋಪ್‌ನಲ್ಲಿ ಫ್ರೆಡರಿಕ್ ಡಗ್ಲಾಸ್ ಸಮಾಧಿ ನೋಡಲಿ, ಪಕ್ಕದ ಮನೆಯ ಹಳೇ ಕೊಡಾಕ್ ನೌಕರರನ್ನು ಮಾತಾಡಿಸಲಿ. ಕೇಳುವುದು ಇಂಗ್ಲಿಷಿನಲ್ಲಿ, ಬರೆಯುವುದು ಕನ್ನಡದಲ್ಲಿ. 'ಲೇಆಫ್'ಗೆ ಕನ್ನಡದಲ್ಲಿ ಏನನ್ನಬೇಕೆಂದು ತಮ್ಮತಮ್ಮಲ್ಲೇ ಜಗಳವಾಡಲಿ. ಶನಿವಾರ ಬೆಳಿಗ್ಗೆ ಕಾರು ಓಡಿಸಲು ನಾನು ಸಿದ್ಧ. ಇನ್ನಿಬ್ಬರು ಪೋಷಕರು ಬೇಕು. ಊಟಕ್ಕೆ ಮುಂಚೆ ನನಗೆ ಹೆಸರು ಕೊಡಿ.