ಓಟಿನ ಋಣ

(ಬಾನುಲಿ ಭಾಷಣ)

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಉಡುಪಿಗೆ ಬಂದಾಗ ಮಗನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಹುಡುಗನಿಗೆ ಹನ್ನೆರಡೋ ಹದಿಮೂರೋ ವರ್ಷ. ಅವರ ರಾಜ್ಯದಲ್ಲಿ ಗವರ್ನರ್ ಪದವಿಗೆ ಚುನಾವಣೆ ಹತ್ತಿರ ಬಂದಿತ್ತಂತೆ. ಪದವಿಯಲ್ಲಿರುವವರೇ ಮತ್ತೊಮ್ಮೆ ನಿಂತಿದ್ದರಂತೆ. ಅಪ್ಪ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹುಡುಗ ನನ್ನನ್ನು ಕೇಳಿದ: "ಅಜ್ಜಾ, ನಿಮ್ಮ ಗವರ್ನರ್ ಕೂಡ ಮತ್ತೆ ನಿಲ್ಲುತ್ತಾರಾ?"

ನಮ್ಮ ರಾಜ್ಯಪಾಲರು ನಿಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಸಂವಿಧಾನದ 155ನೆಯ ವಿಧಿಯಂತೆ ರಾಷ್ಟ್ರಪತಿಗಳು ಅವರನ್ನು ನೇಮಿಸುತ್ತಾರೆ ಎಂದು ಹೇಳಿ ಮುಗಿಸಿದೆ. ಆದರೆ ಆ ಪ್ರಶ್ನೆ ತೀರಾ ಹುಡುಗಾಟದ್ದಲ್ಲ. 1947ರಲ್ಲಿ ನಮ್ಮ ಸಂವಿಧಾನ ಸಭೆ ಮೊದಲು ತೀರ್ಮಾನಿಸಿದ್ದು, ರಾಜ್ಯಪಾಲರನ್ನು ವಯಸ್ಕರ ಮತದಾನದಿಂದ ಜನರೇ ನೇರವಾಗಿ ಆರಿಸಬೇಕೆಂದು. ಆಗ ಆ ಸಭೆಯ ಸಲಹೆಗಾರರಾಗಿದ್ದವರು ನಮ್ಮ ದಕ್ಷಿಣ ಕನ್ನಡದ ಬೆನಗಲ್ ಮನೆತನದ ನರಸಿಂಗ ರಾಯರು. 1949ರ ಮೇ ತಿಂಗಳಲ್ಲಿ ಸಭೆ ಮನಸ್ಸು ಬದಲಿಸಿತು. ಜನರಿಂದ ಆರಿಸಿ ಬಂದ ರಾಜ್ಯಪಾಲ ಒಂದು ಕಡೆ, ಜನರಿಂದಲೇ ಆರಿಸಿ ಬಂದ ಮುಖ್ಯಮಂತ್ರಿ ಇನ್ನೊಂದು ಕಡೆ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯುವುದು ಹೇಗೆ ಎಂಬ ಅಳುಕು ಹುಟ್ಟಿತ್ತು. ಹೀಗಾಗಿ ಅಮೆರಿಕದ ಗವರ್ನರ್ ಮಾಡುವ ಕೆಲಸ ನಮ್ಮಲ್ಲಿ ಮುಖ್ಯಮಂತ್ರಿಯ ಪಾಲಿಗೆ ಬಂತು.

ಆದರೆ ಒಂದು ದೊಡ್ಡ ವ್ಯತ್ಯಾಸ ಉಳಿಯಿತು. ಅಧಿಕಾರದಲ್ಲಿರುವ ಗವರ್ನರ್ ಬೇಕೋ ಬೇಡವೋ ಎಂದು ಅಲ್ಲಿ ಇಡೀ ರಾಜ್ಯ ಹೇಳುತ್ತದೆ. ನಮ್ಮಲ್ಲಿ ಮುಖ್ಯಮಂತ್ರಿಯ ಹೆಸರು ಸಾಮಾನ್ಯವಾಗಿ ಒಂದೇ ಒಂದು ಕ್ಷೇತ್ರದ ಮತದಾರರ ಮುಂದೆ ಬರುತ್ತದೆ. ಮಿಕ್ಕವರು ಬೇರೆ ಯಾರಿಗೋ ಮತ ಹಾಕಿ ಅವರ ಕುರಿತು ತೀರ್ಪು ಕೊಡಬೇಕು. 1994ರಲ್ಲಿ ಆ ಒಂದು ಕ್ಷೇತ್ರ ನಮ್ಮ ಕಾರ್ಕಳವಾಗಿತ್ತು.

ಎಂ. ವೀರಪ್ಪ ಮೊಯಿಲಿಯವರು 1940ರಲ್ಲಿ ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಹುಟ್ಟಿದವರು. ಓದಿ ವಕೀಲರಾಗಿ, 1972ರಲ್ಲಿ ಕಾರ್ಕಳದಿಂದ ಶಾಸಕರಾದವರು ಅಲ್ಲಿಂದ ಒಂದೇ ಸಮನೆ ಗೆದ್ದು ಬಂದರು. 1992ರ ನವೆಂಬರ್ 19ರಂದು ಎಸ್. ಬಂಗಾರಪ್ಪನವರ ಬಳಿಕ ಮುಖ್ಯಮಂತ್ರಿಯಾದರು. ಅವಿಭಜಿತ ದಕ್ಷಿಣ ಕನ್ನಡದಿಂದ ಆ ಪೀಠವೇರಿದವರಲ್ಲಿ ಅವರೇ ಮೊದಲಿಗರು. ಉಡುಪಿ ಆಗ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಆದದ್ದು 1997ರಲ್ಲಿ. ಸಂಖ್ಯೆಯಲ್ಲಿ ಸಣ್ಣದಾದ ಸಮುದಾಯದಿಂದ ಬಂದ, ಮನೆಯಲ್ಲಿ ತುಳು ಆಡುವ, ಕಾದಂಬರಿ ನಾಟಕಗಳನ್ನು ಬರೆಯುವ ಒಬ್ಬರು ವಿಧಾನಸೌಧದ ಮೂರನೆಯ ಮಹಡಿಯಲ್ಲಿ ಕುಳಿತರೆಂದು ನಮ್ಮ ಕಡೆಯವರಿಗೆ ಆದ ಹಿಗ್ಗನ್ನು ಈಗ ವಿವರಿಸುವುದು ಕಷ್ಟ. ಕನ್ನಡ ಅಧ್ಯಾಪಕರ ಕೊಠಡಿಯಲ್ಲಿ ಮಾತ್ರ ಆ ಹಿಗ್ಗಿನ ಜೊತೆಗೆ ಒಂದು ಸಣ್ಣ ಮೂಗುಮುರಿತವೂ ಇತ್ತು. ಅಧಿಕಾರಸ್ಥರು ಬರೆದದ್ದನ್ನು ಹೊಗಳುವುದಕ್ಕೂ ಸಂಕೋಚ, ಓದುವುದಕ್ಕೂ ಸಂಕೋಚ. ಆ ಸಂಕೋಚದಲ್ಲಿ ನಾನೂ ಪಾಲುದಾರನಾಗಿದ್ದೆ.

ಅವರ ಪಾಲಿಗೆ ಬಂದ ಕಾಲ ಒಳ್ಳೆಯದಾಗಿರಲಿಲ್ಲ. 1989ರಲ್ಲಿ 224 ಸ್ಥಾನಗಳಲ್ಲಿ 178ನ್ನು ಗೆದ್ದು ಬಂದ ಪಕ್ಷ ಐದು ವರ್ಷಗಳಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ವೀರೇಂದ್ರ ಪಾಟೀಲರು ಇಳಿದರು, ಬಂಗಾರಪ್ಪನವರು ಇಳಿದರು, ಇಳಿದ ಬಂಗಾರಪ್ಪನವರು ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷವನ್ನು ಕಟ್ಟಿದರು. ಮೊಯಿಲಿಯವರು ಅಧಿಕಾರ ವಹಿಸಿ ಮೂರು ವಾರ ತುಂಬುವ ಮೊದಲೇ ಅಯೋಧ್ಯೆಯ ಸುದ್ದಿ ಬಂತು. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರು; ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ದೊಂಬಿ. ಅದರ ಬೆನ್ನಿಗೇ, ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲಲ್ಲಿ ಚುನಾವಣೆ. ಐದು ವರ್ಷದ ಲೆಕ್ಕವನ್ನು ಎರಡು ವರ್ಷ ಆಳಿದವರ ಕೈಯಿಂದ ಒಪ್ಪಿಸಿಕೊಳ್ಳಲು ಜನ ಕಾದಿದ್ದರು.

ಆ ಚುನಾವಣೆಯಲ್ಲಿ ಕಾರ್ಕಳ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿದ್ದೆ. ಟಿ. ಎನ್. ಶೇಷನ್ನರ ಕಾಲ. ಗೋಡೆಗಳು ಬೋಳಾಗಿದ್ದವು, ಧ್ವನಿವರ್ಧಕಗಳ ಗಂಟಲು ಕಟ್ಟಿತ್ತು. ಚುನಾವಣೆಯೋ ಶ್ರಾದ್ಧವೋ ತಿಳಿಯದು ಎಂದು ನಮ್ಮ ಜವಾನ ಗೊಣಗಿದ. ಹಿಂದಿನ ರಾತ್ರಿ ತರಗತಿಯ ಬೆಂಚುಗಳನ್ನು ಜೋಡಿಸಿ ಮಲಗಿದೆವು. ಏಣಿಲು ಬೆಳೆಯ ಕೊಯ್ಲು ಮುಗಿದಿತ್ತು. ಹೊಸ ಬೈಹುಲ್ಲಿನ ವಾಸನೆ ಕಿಟಕಿಯಿಂದ ಬರುತ್ತಿತ್ತು. ದೂರದಲ್ಲೆಲ್ಲೋ ಯಕ್ಷಗಾನದ ಚೆಂಡೆ. ಮೇಳಗಳು ತಿರುಗಾಟಕ್ಕೆ ಹೊರಟ ದಿನಗಳು ಅವು.

ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತು ದಾಟಿದ ಒಬ್ಬ ಅಮ್ಮ ಬಂದರು. ಮರೆಯಲ್ಲಿ ಮುದ್ರೆ ಒತ್ತಿ, ಪತ್ರವನ್ನು ಮಡಿಸದೆ ನೇರವಾಗಿ ನನ್ನ ಮೇಜಿನ ಬಳಿ ತಂದು ತುಳುವಿನಲ್ಲಿ ಹೇಳಿದರು: ಮಾಷ್ಟ್ರೇ ನೋಡಿ, ನಮ್ಮ ಹುಡುಗನಿಗೇ ಹಾಕಿದ್ದೇನೆ, ಸರಿ ಬಿದ್ದಿದೆಯೋ? ಹುಡುಗನಿಗೆ ಆಗ ಐವತ್ತನಾಲ್ಕು ವರ್ಷ. ಮತದ ಗುಟ್ಟು ಹೀಗೆ ಬಯಲಾದರೆ ಪತ್ರವನ್ನು ಹಿಂದಕ್ಕೆ ಪಡೆದು ರದ್ದುಗೊಳಿಸಬೇಕೆಂದು ನಮಗೆ ಕೊಟ್ಟ ಕೈಪಿಡಿ ಹೇಳುತ್ತಿತ್ತು. ನಾನು ಮುಖ ತಿರುಗಿಸಿ, ಮಡಿಸಿ ಪೆಟ್ಟಿಗೆಗೆ ಹಾಕಮ್ಮಾ ಎಂದೆ. ಏಜೆಂಟರುಗಳೂ ಮೇಲೆ ಹಂಚು ಎಣಿಸುತ್ತ ಕುಳಿತರು. ಹೊರಗೆ ಹೋಗುವಾಗ ಆಕೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಅವರದು ಚಾಲಗೇಣಿಯ ಗದ್ದೆ. ಅರಸರ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಗದ್ದೆ ತಮ್ಮದಾದಾಗ ಇಲ್ಲಿ ಶಾಸಕರಾಗಿದ್ದವರು ಇವರೇ. ಆ ಅನ್ನ ಉಂಡು ಬೇರೆ ಕಡೆ ಒತ್ತಲು ಕೈ ಬಂದೀತೇ ಎಂದು.

ಕನ್ನಡ ಎಂ.ಎ. ತರಗತಿಯಲ್ಲಿ ಪಂಪನನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಉಂಡ ಅನ್ನಕ್ಕೆ ಒಡೆಯನಿಗೆ ಸಲ್ಲಬೇಕಾದ ಋಣವನ್ನು ನಮ್ಮ ಹಳೆಯ ಕಾವ್ಯ ಶಾಸನಗಳು ಜೋಳವಾಳಿ ಎಂದವು. ತಾನು ಪಾಂಡವರ ಅಣ್ಣನೆಂದು ತಿಳಿದ ಮೇಲೂ ಕರ್ಣ ಕೌರವನ ಪಕ್ಷ ಬಿಡದಿದ್ದದ್ದು ಈ ಋಣಕ್ಕಾಗಿ. ನಮ್ಮ ಪ್ರಜಾಪ್ರಭುತ್ವದ ಒಳಗೆ ಆ ಜೋಳವಾಳಿ ಇನ್ನೂ ಉಸಿರಾಡುತ್ತಿದೆ ಎಂದು ಆ ಮಧ್ಯಾಹ್ನ ನನಗೆ ಖಚಿತವಾಯಿತು. ಖಚಿತವಾದದ್ದರಿಂದಲೇ ಮುಂದೆ ನಾನು ಎಡವಿದೆ.

ಮೊಯಿಲಿಯವರ ಕಾಲದ ಕೆಲಸಗಳಲ್ಲಿ ನಮ್ಮಂಥ ಮೇಷ್ಟರಿಗೆ ಹತ್ತಿರವಾದದ್ದು ವೃತ್ತಿ ಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆ. ಜನ ಸಿಇಟಿ ಎನ್ನುವುದು. ಇದರ ಹಿಂದಿನ ಕಥೆ ನಮ್ಮ ಊರಿನ ಗುಡ್ಡದಿಂದಲೇ ಶುರುವಾಗುತ್ತದೆ. ಮಣಿಪಾಲದ ಮುರಕಲ್ಲಿನ ಬೋಳುಗುಡ್ಡದ ಮೇಲೆ 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಾಗ, ಖಾಸಗಿಯವರು ವೈದ್ಯಕೀಯ ಕಾಲೇಜು ನಡೆಸುವುದೆಂದರೆ ಹುಚ್ಚೆಂದು ತಿಳಿದ ಕಾಲ. ಸರಕಾರದ ಬಳಿ ಹಣವಿಲ್ಲದಾಗ ಓದುವವರಿಂದಲೇ ಹಣ ಎತ್ತಿ ಕಟ್ಟಿದ ಆ ಊರನ್ನು ನಾನು ಹಗುರಾಗಿ ಆಡಲಾರೆ. ನಮ್ಮ ಮನೆಯವರು ಎಷ್ಟೋ ಸಲ ಜೀವ ಹಿಡಿದುಕೊಂಡು ಬಂದದ್ದು ಅಲ್ಲಿಂದ. ಆದರೆ ಪೈಗಳ ಪ್ರಯೋಗವಾಗಿದ್ದದ್ದು ಮುಂದೆ ರಾಜ್ಯದ ಉದ್ದಗಲಕ್ಕೂ ವ್ಯಾಪಾರವಾಯಿತು. ಕ್ಯಾಪಿಟೇಷನ್ ನಿಷೇಧಿಸುವ ಕಾಯಿದೆ 1984ರಲ್ಲಿ ಬಂದರೂ, 1989ರ ಸರಕಾರಿ ಆದೇಶದಲ್ಲೇ ಖಾಸಗಿ ವೈದ್ಯಕೀಯ ಕಾಲೇಜಿಗೆ ವರ್ಷದ ಶುಲ್ಕ ಸರಕಾರಿ ಸೀಟಿಗೆ 2,000, ರಾಜ್ಯದ ಉಳಿದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಎಂದಿತ್ತು. ಮೀರತ್ತಿನಿಂದ ಬಂದ ಮೋಹಿನಿ ಜೈನ್ ಎಂಬಾಕೆ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಆಕೆ ಗೆದ್ದರು. 1993ರ ಉನ್ನಿಕೃಷ್ಣನ್ ತೀರ್ಪು, ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟು ಸರಕಾರಿ ದರದಲ್ಲಿ, ಉಳಿದರ್ಧ ಹೆಚ್ಚಿನ ಶುಲ್ಕದಲ್ಲಿ, ಎರಡೂ ಅರ್ಹತೆಯ ಕ್ರಮದಲ್ಲಿ ಎಂದು ವಿಧಿಸಿತು. ಅದನ್ನು ಕಾರ್ಯಕ್ಕೆ ತರಲು 1994ರಲ್ಲಿ ಸಿಇಟಿ ಬಂತು. ತೀರ್ಪು ನ್ಯಾಯಾಲಯದ್ದು ನಿಜ. ಆದರೆ ತೀರ್ಪುಗಳು ಕಪಾಟಿನಲ್ಲಿ ಧೂಳು ತಿನ್ನುವ ದೇಶದಲ್ಲಿ ಅದನ್ನು ನಡೆಸಿ ತೋರಿಸಿದ ಸರಕಾರಕ್ಕೂ ಒಂದು ಪಾಲು ಸಲ್ಲಬೇಕು.

ಆ ವರ್ಷ ನನ್ನ ಬಳಿ ಪಿಯುಸಿಯಲ್ಲಿ ಕನ್ನಡ ಓದಿದ್ದ ಕಾಪುವಿನ ಒಬ್ಬ ಹುಡುಗಿಗೆ ಇಂಜಿನಿಯರಿಂಗ್‌ನಲ್ಲಿ ಉಚಿತ ಸೀಟು ಸಿಕ್ಕಿತು. ತಂದೆ ಕಡಲಿಗೆ ಹೋಗುವವರು. ಡೊನೇಷನ್ ಎಂಬ ಶಬ್ದ ಕೇಳಿದರೇ ಮಗಳನ್ನು ಮನೆಯಲ್ಲಿ ಕೂರಿಸುತ್ತಿದ್ದ ಸಂಸಾರ. ಈ ಮನೆಯ ಓಟುಗಳು ಎಲ್ಲಿ ಬೀಳುತ್ತವೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಫಲಿತಾಂಶ ಬಂತು. ಜನತಾದಳಕ್ಕೆ 115, ಭಾರತೀಯ ಜನತಾ ಪಕ್ಷಕ್ಕೆ 40, ಆಳುತ್ತಿದ್ದ ಕಾಂಗ್ರೆಸ್ಸಿಗೆ 34. ವಿರೋಧ ಪಕ್ಷದ ಮಾನ್ಯತೆಯೂ ದಕ್ಕಲಿಲ್ಲ. ಡಿಸೆಂಬರ್ 11ರಂದು ಎಚ್. ಡಿ. ದೇವೇಗೌಡರು ಪ್ರಮಾಣ ವಚನ ಸ್ವೀಕರಿಸಿದರು. ಅಷ್ಟು ದೊಡ್ಡ ಬಿರುಗಾಳಿಯಲ್ಲೂ ಕಾರ್ಕಳ ಮಾತ್ರ ಮೊಯಿಲಿಯವರನ್ನು ಗೆಲ್ಲಿಸಿತು. ಕಾಪುವಿನಲ್ಲಿ ಅದೇ ಪಕ್ಷದ ವಸಂತ ಸಾಲಿಯಾನರು ಉಳಿದುಕೊಂಡರು. ಉಡುಪಿಯಲ್ಲಿ ಬಂಗಾರಪ್ಪನವರ ಪಕ್ಷದ ಯು. ಆರ್. ಸಭಾಪತಿ ಗೆದ್ದರು. ಒಂದು ಗಂಟೆಯ ಬಸ್ಸಿನ ಹಾದಿಯೊಳಗೆ ಇಷ್ಟು ಬಗೆ.

ಆಳುವವರನ್ನು ಎಬ್ಬಿಸುವುದರಲ್ಲಿ ನಮ್ಮ ರಾಜ್ಯಕ್ಕೆ ಆಮೇಲೆ ಒಂದು ಚಾಳಿಯೇ ಬಿದ್ದಿತು. 1985ರಲ್ಲಿ ರಾಮಕೃಷ್ಣ ಹೆಗಡೆಯವರು ಅಧಿಕಾರದಲ್ಲಿದ್ದು ಗೆದ್ದದ್ದೇ ಕೊನೆ. 2023ರವರೆಗೂ ಆಳುತ್ತಿದ್ದ ಪಕ್ಷ ಗೆದ್ದು ಮರಳಲಿಲ್ಲ. ಉಡುಪಿಯವರಾದ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲವೆನ್ನಿ. ಎರಡು ವರ್ಷವಾದೊಡನೆ ಪೀಠ ಬಿಟ್ಟು ಮುಂದಿನವರಿಗೆ ಅಕ್ಷಯ ಪಾತ್ರೆ, ಸಟ್ಟುಗ ಒಪ್ಪಿಸುವ ಪರ್ಯಾಯವನ್ನು ಶತಮಾನಗಳಿಂದ ನೋಡಿದ ಊರು ಇದು. ವ್ಯತ್ಯಾಸವಿಷ್ಟೆ: ಅಷ್ಟಮಠಗಳಲ್ಲಿ ಹದಿನಾಲ್ಕು ವರ್ಷ ಕಾದರೆ ಸರದಿ ತಾನಾಗಿ ಬರುತ್ತದೆ. ವಿಧಾನಸೌಧದಲ್ಲಿ ಹಾಗಲ್ಲ. ಮೊಯಿಲಿಯವರಿಗೆ ಆ ಸರದಿ ಮತ್ತೆ ಬರಲಿಲ್ಲ.

ಅವರು ದೆಹಲಿಗೆ ಹೋದರು, ಕೇಂದ್ರದಲ್ಲಿ ಮಂತ್ರಿಯಾದರು; ಅದು ಬೇರೆ ಅಧ್ಯಾಯ. ನನಗೆ ಮುಖ್ಯವಾಗಿ ಕಾಣುವುದು, ಸೋತ ಬಳಿಕ ಅವರ ಬರವಣಿಗೆ ದೊಡ್ಡದಾದದ್ದು. ಐದು ಸಂಪುಟಗಳ 'ಶ್ರೀ ರಾಮಾಯಣ ಮಹಾನ್ವೇಷಣಂ' ಬಂತು, ಅದಕ್ಕೆ 2014ನೆಯ ಸಾಲಿನ ಸರಸ್ವತಿ ಸಮ್ಮಾನ್ ಬಂತು. ಬಳಿಕ 'ಶ್ರೀ ಬಾಹುಬಲಿ ಅಹಿಂಸಾ ದಿಗ್ವಿಜಯಂ' ಬಂದು 2020ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನ ಪಾದದ ಕೆಳಗೆ ರಾಜಕಾರಣ ಮಾಡಿದವರು, ಗೆದ್ದ ನೆಲವನ್ನು ಬಿಟ್ಟು ನಡೆದವನ ಕಥೆಯನ್ನು ಎತ್ತಿಕೊಂಡರು. ಕಾವ್ಯದ ಗುಣದೋಷ ಬೇರೆ ಮಾತು. ಅದನ್ನು ಬರೆಯಲು ಅವರಿಗೆ ಇದ್ದಷ್ಟು ಅನುಭವದ ಅಧಿಕಾರ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಮೂಗುಮುರಿದ ಯಾರಿಗೂ ಇರಲಿಲ್ಲ. ಈ ಮಾತನ್ನು ನಾನು ತಡವಾಗಿ ಒಪ್ಪಿಕೊಂಡೆ.

ಕಾಪುವಿನ ಆ ತಂದೆಯನ್ನು ನಾನು ಕಂಡದ್ದು ಫಲಿತಾಂಶ ಬಂದ ವಾರದಲ್ಲೇ, ದೀಪಸ್ತಂಭದ ಕೆಳಗಿನ ಮರಳಿನಲ್ಲಿ, ಬಲೆ ಸರಿಮಾಡುತ್ತಿದ್ದಾಗ. ಮಗಳ ಓದಿನ ವಿಚಾರ ಆಡಿ, ನಾನು ಬುದ್ಧಿವಂತಿಕೆಯಿಂದ ಎಂಬಂತೆ, ಸೀಟು ಕೊಡಿಸಿದವರನ್ನು ಜನ ಮರೆತುಬಿಟ್ಟರಲ್ಲ ಎಂದೆ. ಅವರು ಬಲೆಯಿಂದ ಕಣ್ಣೆತ್ತದೆ ಹೇಳಿದರು: "ಸೀಟು ಯಾರೂ ಕೊಡಿಸಿದ್ದಲ್ಲ ಮಾಷ್ಟ್ರೇ. ಮಗಳು ಓದಿದಳು, ನಂಬ್ರ ಕರೆದರು, ಅವಳೇ ಹೋಗಿ ತಗೊಂಡಳು. ನಾನು ಯಾರ ಬಾಗಿಲಲ್ಲೂ ನಿಲ್ಲಲಿಲ್ಲ. ಋಣ ಎಂತಕ್ಕೆ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಓಟು ಬೇರೆ. ಮಳೆಗಾಲದಲ್ಲಿ ಕಡಲು ಕೊರೆಯುವಾಗ ಬಂದು ನಿಂತವ ಯಾರು ಅಂತ ನೋಡಿ ಹಾಕಿದ್ದು."

ಯಾರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯುದ್ದಕ್ಕೂ ಆ ಮಾತು ನನ್ನನ್ನು ಕಾಡಿತು. ಸಿಫಾರಸು ಚೀಟಿಯಿಂದ ಸೀಟು ದೊರೆತಿದ್ದರೆ ಆ ಮನೆಯ ಓಟುಗಳು ತಲೆಮಾರಿನವರೆಗೆ ಒಬ್ಬರಿಗೇ ಮೀಸಲಾಗುತ್ತಿದ್ದವು. ಸಾಲಿನಲ್ಲಿ ನಿಂತು ಸರದಿಯಂತೆ ಪಡೆದದ್ದರಿಂದ ಅವರು ಯಾರಿಗೂ ತಲೆಬಾಗಬೇಕಾಗಿರಲಿಲ್ಲ. ಒಂದು ಸರಕಾರ ತಾನು ಮಾಡಿದ ಒಳ್ಳೆಯ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ, ಅದಕ್ಕಾಗಿ ಓಟು ಕೇಳುವ ಹಕ್ಕನ್ನೇ ಕಳೆದುಕೊಂಡಿತು. ಗದ್ದೆ ದೊರೆತ ಕಾರ್ಕಳದ ಆ ಅಮ್ಮನ ನಿಷ್ಠೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆದರೆ ಕಾಪುವಿನ ತಂದೆ ನಿಂತ ನೆಲ ಇನ್ನೂ ಗಟ್ಟಿ ಎಂದು ನನಗನಿಸುತ್ತದೆ.

ಅಂದು ಹೊರಡುವಾಗ ಅವರು ಕೇಳಿದ್ದರು: "ನೀವು ಯಾರಿಗೆ ಹಾಕಿದಿರಿ ಮಾಷ್ಟ್ರೇ?" ಅದು ಗುಟ್ಟಲ್ಲವೇ ಎಂದು ನಗುತ್ತ ಜಾರಿಕೊಂಡೆ. ನನ್ನ ಹೆಸರು ಇದ್ದದ್ದು ಉಡುಪಿಯ ಪಟ್ಟಿಯಲ್ಲಿ. ಚುನಾವಣೆಯ ಕೆಲಸಕ್ಕೆ ಹೋಗುವವರು ಅಂಚೆ ಮತಪತ್ರಕ್ಕೆ ಅರ್ಜಿ ಹಾಕಬೇಕಿತ್ತು. ನಮೂನೆ ಕೈಗೆ ಬಂದಿತ್ತು. ಕಾರ್ಕಳದವರ ಮೇಲಿನ ಅಭಿಮಾನಕ್ಕಾಗಿ ಉಡುಪಿಯಲ್ಲಿ ಅವರ ಪಕ್ಷದವರಿಗೆ ಒತ್ತುವುದೋ, ಉಡುಪಿಯ ಅಭ್ಯರ್ಥಿಯನ್ನೇ ತೂಗಿ ನೋಡುವುದೋ, ಹುಬ್ಬಳ್ಳಿ ಬೆಂಗಳೂರುಗಳ ನೆನಪಿನಲ್ಲಿ ಎಲ್ಲರ ಮೇಲೂ ಸಿಟ್ಟು ತೀರಿಸಿಕೊಳ್ಳುವುದೋ ಎಂದು ಯೋಚಿಸುತ್ತ ಅದನ್ನು ಪಂಪಭಾರತದ ಪುಟಗಳ ನಡುವೆ ಇಟ್ಟವನು, ಕೊನೆಯ ದಿನ ದಾಟಿದ ಮೇಲೆ ತೆಗೆದು ನೋಡಿದೆ.